ದನಿಯ ಅಳತೆಗೆ ಹೊಲಿದ ಕೋಟು

ದೇವರು ಮನುಷ್ಯನಿಗೆ ಒಂದೇ ಗಂಟಲು ಕೊಟ್ಟಿದ್ದಾನೆ, ಅದರಲ್ಲಿ ಒಬ್ಬನೇ ಮಾತಾಡಬೇಕು ಎಂಬುದು ಊರೆಲ್ಲ ಒಪ್ಪಿಕೊಂಡ ಕರಾರು. ಆ ಕರಾರಿಗೆ ನಾನು ಮಾತ್ರ ಸಹಿ ಹಾಕಿದವನಲ್ಲ. ಮೂರನೆಯ ಇಯತ್ತೆಯಲ್ಲಿದ್ದಾಗಲೇ ಹೆಡ್ ಮಾಸ್ತರರ ದನಿಯಲ್ಲಿ ಮಧ್ಯಾಹ್ನದ ಸೂಟಿ ಸಾರಿ, ಇಡೀ ಶಾಲೆಯನ್ನು ಮನೆಗೆ ಕಳಿಸಿದವ ನಾನು. ಮನೆಯಲ್ಲಿ ಅವ್ವ ಅಡುಗೆಮನೆಯಿಂದ ಅಪ್ಪನನ್ನು ಕರೆದರೆ ನಾನು ಪಡಸಾಲೆಯಿಂದ ಅಪ್ಪನ ದನಿಯಲ್ಲಿ “ಬಂದೆ” ಅಂದುಬಿಡುತ್ತಿದ್ದೆ. ಅಪ್ಪ ಹಿತ್ತಲಲ್ಲಿ ಆರಾಮಾಗಿ ಹಲ್ಲುಜ್ಜುತ್ತಿದ್ದ. “ಬಂದೆ ಅಂತೀ, ಬರೂದಿಲ್ಲ, ಎಂಥಾ ಗಂಡಸೋ ನೀ” ಅಂತ ಅವ್ವ ಬೈಯುವಾಗ ಅಪ್ಪ ಬಾಯಿತುಂಬ ನೊರೆ ಇಟ್ಟುಕೊಂಡು ಪಿಳಿಪಿಳಿ ನೋಡುತ್ತಿದ್ದ. ಹೀಗೆ ಎಲ್ಲರನ್ನೂ ಅಣಕಿಸಿ ಬೆಳೆದ ನಾನು ಒಮ್ಮೆ ನನ್ನದೇ ದನಿಯನ್ನು ರೆಕಾರ್ಡು ಮಾಡಿ ಕೇಳಿದೆ. ಬಾವಿಗೆ ಬಿದ್ದ ಆಡಿನಂತೆ ಒದರುತ್ತಿದ್ದ ಆ ಪ್ರಾಣಿ ಯಾವುದೆಂದು ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ಅಂದಿನಿಂದ ಬೇರೆಯವರ ದನಿಯಲ್ಲಿ ಇರುವುದೇ ಕ್ಷೇಮ ಎಂದು ತೀರ್ಮಾನಿಸಿದ್ದೇನೆ.

ಸವಣೂರಿನಲ್ಲಿ ನನ್ನದೊಂದು ಮೊಬೈಲ್ ಅಂಗಡಿ. ಅಡ್ಡಗೋಡೆಯ ಆಚೆ ಇಮಾಮಸಾಬ್ ಚಾಚಾನ ಟೇಲರಿಂಗ್ ಅಂಗಡಿ. ಗಿರಾಕಿ ಬಂದಾಗ ನಾನು ನನ್ನ ಅಂಗಡಿಯಲ್ಲಿರುತ್ತೇನೆ, ಬಾರದಾಗ ಚಾಚಾನ ಅಂಗಡಿಯ ಸ್ಟೂಲಿನ ಮೇಲೆ. ಲೆಕ್ಕ ಹಾಕಿದರೆ ನಾನು ಹೆಚ್ಚುಕಡಿಮೆ ಟೇಲರೇ ಆಗಬೇಕಿತ್ತು. ಆ ಅಂಗಡಿಯಲ್ಲಿ ಎರಡು ಕ್ಯಾಸೆಟ್ಟಿನ ಹಳೆಯ ಟೇಪ್ ರೆಕಾರ್ಡರ್ ಒಂದಿದೆ. ಅದಕ್ಕೆ ಚಾಚಾನೇ ಜರಿಯಂಚಿನ ಗವಸು ಹೊಲಿದಿದ್ದಾನೆ. ದಿನಾ ಸಂಜೆ ಆ ಗವಸು ತೆಗೆದು, ಟೇಪಿನ ಬಾಯಿಗೆ ಕ್ಯಾಸೆಟ್ಟು ತುರುಕಿ, ಕಣ್ಣು ಮುಚ್ಚಿ ಕೂರುತ್ತಾನೆ. ಆಗ ಬರುವ ಹಾಡೇ ಸೋಮಣ್ಣ ಮಾಸ್ತರರ “ಮುಗಿಲಿಗೊಂದು ಗುಂಡಿ ಹಚ್ಚೋ ದರ್ಜಿ.”

ಸೋಮಣ್ಣ ಮಾಸ್ತರರನ್ನು ಯಾವ ಡಬ್ಬಿಗೆ ಹಾಕಬೇಕೋ ಯಾರಿಗೂ ತಿಳಿದಿಲ್ಲ. ಏಕತಾರಿ, ಗಿಟಾರು, ಮದುವೆ ಬ್ಯಾಂಡಿನ ಕ್ಲಾರಿನೆಟ್ಟು, ಕವ್ವಾಲಿಯ ಚಪ್ಪಾಳೆ, ನಡುವೆ ಎತ್ತಿನ ಗೆಜ್ಜೆ, ಎಲ್ಲವೂ ಒಂದೇ ಹಾಡಿನಲ್ಲಿ ಜಗಳವಿಲ್ಲದೆ ಸಂಸಾರ ಮಾಡುತ್ತವೆ. ತೊಂಬತ್ತರ ದಶಕದಲ್ಲಿ ಅವರ ಮೊದಲ ಕ್ಯಾಸೆಟ್ಟು ಬಂತು. ಸಣ್ಣ ಕಂಪನಿ, ನಾಲ್ಕು ಕ್ಯಾಸೆಟ್ಟು ಮಾಡಿ ಬಾಗಿಲು ಹಾಕಿಕೊಂಡಿತು. ಚಾಚಾನ ಕೈಗೆ ಒಂದು ಸಿಕ್ಕಿತು. ಅಂಗಿ ಹೊಲಿಸಲು ಬಂದವರೆಲ್ಲ ಆ ಹಾಡು ಕೇಳಿ, ಖಾಲಿ ಕ್ಯಾಸೆಟ್ಟು ತಂದು, ಇದೇ ಯಂತ್ರದಲ್ಲಿ ಕಾಪಿ ಮಾಡಿಸಿಕೊಂಡು ಹೋದರು. ಕಾಪಿಯಿಂದ ಕಾಪಿಯಾಗಿ ಹಾಡು ಹಾನಗಲ್ಲು, ಶಿಗ್ಗಾವಿಯೆಲ್ಲ ತಿರುಗಿತು. ಈಚೆಗೆ ಯೂಟ್ಯೂಬಿಗೆ ಏರಿಸಿದ್ದೂ ಚಾಚಾನ ಕ್ಯಾಸೆಟ್ಟಿನಿಂದಲೇ. ಏರಿಸಿದವ ನಾನೇ. ಅದರಲ್ಲಿ ಮಾಸ್ತರರ ದನಿ ಎಷ್ಟು ಗಂಭೀರವೆಂದರೆ ನೆಲದಡಿ ಕಾಳು ತುಂಬುವ ಹಗೇವಿನೊಳಗೆ ಕುಳಿತ ಋಷಿ ಹಾಡಿದಂತೆ. ಅಷ್ಟೇ ನಿಧಾನ. ಚಾಚಾ ಪ್ರತಿ ಸಲವೂ ಅಳುತ್ತಾನೆ. “ಬೇಟಾ, ಟೇಲರ್ ಮಂದಿ ಮ್ಯಾಲ ಇಂಥಾ ಹಾಡು ಯಾರರ ಬರದಾರೇನು? ಹರದ ಮುಗಿಲಾ ಹೊಲಿಯಾಂವ ಅಂದ್ರ ಅಲ್ಲಾನ, ತಿಳೀತಿಲ್ಲೊ?” ಅನ್ನುತ್ತಾನೆ.

ಮಾಸ್ತರರ ಅಭಿಮಾನಿಗಳದೊಂದು ವಾಟ್ಸಾಪ್ ಗುಂಪಿದೆ. ಐವತ್ತು ಜನರಿದ್ದರೂ ಜಗಳವಾಡುವವರು ಮೂವರೇ. ಚಾಚಾ ಒಬ್ಬ. ಎರಡನೆಯವರು ಶಿಗ್ಗಾವಿಯ ಬಸ್ ಕಂಡಕ್ಟರ್ ರುದ್ರಪ್ಪ. ಅವರ ಪ್ರಕಾರ ಮಾಸ್ತರರು ಹಾಡಿದ್ದು ಒಂದೇ ಹಾಡು, ಮಿಕ್ಕಿದ್ದೆಲ್ಲ ಚಿಲ್ಲರೆ. ಮೂರನೆಯವರು ಹಾನಗಲ್ಲಿನ ಹೈಸ್ಕೂಲು ಶಿಕ್ಷಕಿ ಶಾರದಾ ಅಕ್ಕೋರು. ಅವರು ಆಮೇಲಿನ ಆಲ್ಬಮ್ಮುಗಳ ಪಕ್ಷ. ಆಮೇಲಿನ ಆಲ್ಬಮ್ಮುಗಳೆಂದರೆ ಸಾಮಾನ್ಯವಲ್ಲ. ಸೀಡಿಯಲ್ಲಿ ಬಂದ ಎರಡನೆಯದರಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲಿನ ಸದ್ದಿಗೆ ವಚನದ ಧಾಟಿ ಕೂಡಿಸಿದ್ದಾರೆ. ಮೂರನೆಯದೂ ಸೀಡಿ, ಗೋವಿನಜೋಳ ಒಕ್ಕುವ ಯಂತ್ರಕ್ಕೂ ಕ್ಲಾರಿನೆಟ್ಟಿಗೂ ನಡೆದ ಜುಗಲ್‌ಬಂದಿ. ನಾಲ್ಕನೆಯದು ಪೆನ್‌ಡ್ರೈವಿನಲ್ಲಿ ಬಂತು. ಅದರಲ್ಲಿ ಏಳು ನಿಮಿಷ ಏನೂ ಇಲ್ಲ, ಕಡೆಗೊಮ್ಮೆ ಯಾರೋ ಕೆಮ್ಮುತ್ತಾರೆ. ಪೆನ್‌ಡ್ರೈವು ಕೆಟ್ಟಿದೆಯೆಂದು ರುದ್ರಪ್ಪ ನನ್ನ ಅಂಗಡಿಗೆ ತಂದಿದ್ದರು. “ಅದು ಮೌನರೀ ರುದ್ರಪ್ಪನವರ, ಕೇಳಾಕೂ ಸಂಸ್ಕಾರ ಬೇಕಾಗತೈತಿ” ಅಂತ ಅಕ್ಕೋರು ಗುಂಪಿನಲ್ಲಿ ಬರೆದರು. “ಅಕ್ಕೋರ, ಮೌನಾ ಕೇಳೂದಿದ್ರ ನಾ ಪೆನ್‌ಡ್ರೈವ್ ಯಾಕ ತಗೋಬೇಕ್ರಿ? ಮನ್ಯಾಗ ಹೆಂಡ್ತಿ ಸಿಟ್ಟಾದ್ರ ವಾರಗಟ್ಟಲೆ ಪುಕ್ಕಟೆ ಸಿಗತೈತಿ” ಅಂತ ಕಂಡಕ್ಟರರ ಉತ್ತರ.

ಎಲ್ಲಕ್ಕಿಂತ ದೊಡ್ಡ ವಾದ ಬೇರೆಯೇ ಇತ್ತು. ಮೊದಲ ಹಾಡಿನ ಗಂಭೀರ ದನಿ ಎರಡನೆಯ ಆಲ್ಬಮ್ಮಿನಲ್ಲೇ ಮಾಯವಾಗಿ, ಪೀಪಿಯಂಥ ತೆಳು ದನಿ ಬಂದಿತ್ತಲ್ಲ, ಯಾಕೆ? ಚಾಚಾನ ಪ್ರಕಾರ ದೃಷ್ಟಿಯಾಗಿದೆ. ರುದ್ರಪ್ಪನವರ ಪ್ರಕಾರ ಮಿರ್ಚಿ ಭಜಿ ಜಾಸ್ತಿಯಾಗಿದೆ. ಅಕ್ಕೋರ ಪ್ರಕಾರ ಅದು ಕಲಾವಿದನ ಆಯ್ಕೆ. ಮಾಸ್ತರರನ್ನೇ ಕೇಳೋಣವೆಂದರೆ ಅವರನ್ನು ಯಾರೂ ಕಂಡವರಿಲ್ಲ. ಹಿರೇಕೆರೂರಿನಲ್ಲಿದ್ದಾರೆ, ಸಭೆ ಸಮಾರಂಭಕ್ಕೆ ಬರುವುದಿಲ್ಲ, ಫೋಟೋ ಕೊಡುವುದಿಲ್ಲ ಎಂಬುದಷ್ಟೇ ಗೊತ್ತು. ಅಕ್ಕೋರು ಪತ್ರ ಬರೆದರೆ ಉತ್ತರವಾಗಿ ಒಂದು ಖಾಲಿ ಕಾರ್ಡು ಬಂದಿತ್ತು. ಅದಕ್ಕೂ ಅವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ.

ಇಷ್ಟೆಲ್ಲ ಒಣ ಹುಲ್ಲು ಬಿದ್ದಿರುವಾಗ ನನ್ನಂಥವನ ಕೈಯಲ್ಲಿ ಕಡ್ಡಿಪೆಟ್ಟಿಗೆ ಇದ್ದರೆ ಏನಾಗಬೇಕೋ ಅದೇ ಆಯಿತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ನೊಣವೂ ಇರಲಿಲ್ಲ. ಸ್ಟೀಲಿನ ಬಿಂದಿಗೆಯೊಳಗೆ ಅರ್ಧ ಮುಖ ಇಟ್ಟು, ಕ್ಯಾಸೆಟ್ಟಿನ ಆ ಹಗೇವಿನ ದನಿ ತೆಗೆದು ರೆಕಾರ್ಡು ಮಾಡಿದೆ: “ಅಭಿಮಾನಿ ಬಂಧುಗಳೇ, ನಾನು ಸೋಮಣ್ಣ. ಬರೂ ಐತಾರ ಸವಣೂರಿಗೆ ಇಮಾಮಸಾಬರ ಅಂಗಡಿಗೆ ಬರ್ತೇನಿ. ದರ್ಜಿ ಹಾಡು ಹಾಡ್ತೇನಿ.” ಹಿರೇಕೆರೂರಿನ ನೆಂಟರು ಕಳಿಸಿದ್ದು ಎಂದು ಗುಂಪಿಗೆ ಹಾಕಿದೆ. ಸಂಜೆ ನಕ್ಕು ಹೇಳಿಬಿಟ್ಟರಾಯಿತು ಅಂದುಕೊಂಡಿದ್ದೆ.

ಸಂಜೆ ಸ್ಟೂಲಿಗೆ ಹೋಗಿ ಕೂತರೆ ಚಾಚಾ ಕಪ್ಪು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಅವನ ಸ್ವಂತ ಮಗನ ಮದುವೆಗೆಂದು ತೆಗೆದಿಟ್ಟಿದ್ದ ಬಟ್ಟೆ ಅದು.

“ಏನ್ ಚಾಚಾ, ಯಾರದಿದು?”

“ಮಾಸ್ತರಂದು. ಕೋಟ್.”

“ಅಳತಿ?”

ಚಾಚಾ ನನ್ನನ್ನು ಕನಿಕರದಿಂದ ನೋಡಿದ. “ಮೂವತ್ತು ವರ್ಷ ದನಿ ಕೇಳೇನಿ, ಅಳತಿ ಗೊತ್ತಾಗೂದಿಲ್ಲೇನ್ಲೇ? ಅಂಥಾ ದನಿ ಬರಬೇಕಂದ್ರ ಎದಿ ನಲವತ್ನಾಕರ ಕೆಳಗ ಇರಾಕ ಸಾಧ್ಯನ ಇಲ್ಲ. ಹೆಗಲು ಹತ್ತೊಂಬತ್ತು. ಉಸಿರು ಎಳಿಯೂ ರೀತಿ ನೋಡಿದ್ರ ಹೊಟ್ಟಿ ಸೊಲ್ಪ ಐತಿ.” ಇಷ್ಟು ಹೇಳಿ ಕತ್ತರಿ ಹಾಕಿಯೇಬಿಟ್ಟ. ಆ ‘ಕರ್’ ಸದ್ದು ಬಟ್ಟೆಯಿಂದ ಬಂತೋ ನನ್ನ ಎದೆಯಿಂದ ಬಂತೋ ಹೇಳಲಾರೆ. ಮಗನ ಮದುವೆಯ ಬಟ್ಟೆ! ಐತಾರ ಯಾರೂ ಬಾರದಿದ್ದರೆ ಚಾಚಾ ಬೈಯುವವನಲ್ಲ. ಟೇಪಿನ ಗವಸು ಮತ್ತೆ ತೆಗೆಯದೆ ಸುಮ್ಮನಿದ್ದುಬಿಡುವವ. ನಾನು ಜೀವನದಲ್ಲಿ ಎಲ್ಲರ ಬೈಗುಳ ತಿಂದಿದ್ದೇನೆ, ಜೀರ್ಣವೂ ಆಗಿದೆ. ಆದರೆ ಇದು ಬೇರೆ.

ಮರುದಿನವೇ ಹಾವೇರಿಗೆ ಹೋಗಿ ಬಸ್ಸು ಬದಲಿಸಿ ಹಿರೇಕೆರೂರಿಗೆ ಇಳಿದೆ. ಸಂತೆಯ ದಿನ. ಚಹಾದಂಗಡಿಯಲ್ಲಿ ಸೋಮಣ್ಣ ಮಾಸ್ತರರೆಲ್ಲಿ ಅಂದರೆ, “ಅಲ್ಲಿ ಗೋವಿನಜೋಳದ ಮಷೀನಿಗೆ ಕಿವಿ ಹಚ್ಚಿ ನಿಂತಾನಲ್ಲ, ಅಂವನ” ಅಂತ ತೋರಿಸಿದರು. ಮಡಚಿದ ಛತ್ರಿಗೆ ಅಂಗಿ ತೊಡಿಸಿದಂಥ ಮನುಷ್ಯ. ಯಂತ್ರದ ಸದ್ದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ನಾನು ಕಾಲು ಹಿಡಿದೆ, ಎಲ್ಲ ಒದರಿದೆ. ದನಿ ಮಾಡಿದ್ದು ಹೇಳಿದೆ, ಕೋಟಿನದು ಹೇಳಿದೆ.

“ನಲವತ್ನಾಕ?” ಅಂತ ಅವರು ಪೀಪಿಯಂಥ ದನಿಯಲ್ಲಿ ನಕ್ಕರು. “ತಮ್ಮಾ, ನನ್ನ ಎದಿ ಮೂವತ್ನಾಕಕ್ಕ ಸಡ್ಲ ಆಗತೈತಿ! ಶಾಲು ಹಾಕ್ತೇವಿ ಬರ್ರಿ ಅಂದವರ ಮನಿಗೆ ನಾ ಹೋದಾಂವಲ್ಲ. ಆದ್ರ ದನಿ ಕೇಳಿ ಕೋಟ್ ಹೊಲಿದವನ್ನ ನೋಡ್ಲಿಲ್ಲಂದ್ರ ನಾ ಕಿವಿ ಇಟಗೊಂಡು ಏನ್ ಮಾಡ್ಲಿ?” ಅಲ್ಲೇ ನನ್ನ ಮೊಬೈಲು ಇಸಿದುಕೊಂಡು ಗುಂಪಿಗೆ ಸ್ವತಃ ಮಾತಾಡಿದರು: “ನಮಸ್ಕಾರ್ರಿ, ನಾ ಸೋಮಣ್ಣ ಮಾತಾಡಾಕತ್ತೇನಿ. ಐತಾರ ಖರೇನ ಬರ್ತೇನ್ರಿ.”

ಎರಡು ನಿಮಿಷದಲ್ಲಿ ನನ್ನ ಹೆಸರಿಗೇ ರುದ್ರಪ್ಪನವರ ಉತ್ತರ ಬಂತು: “ಬಸ್ಯಾ, ಮಾಸ್ತರ ಮಾತಾಡಿದ ಮ್ಯಾಲೂ ಮಿಮಿಕ್ರಿ ಮಾಡ್ತೀಯಲ್ಲೋ, ನಾಚಿಗಿ ಇಲ್ಲಾ? ಅದೂ ಒಂಚೂರೂ ಹೊಂದಿಲ್ಲ.” ಚಾಚಾ ಬರೀ ಸಿಟ್ಟಿನ ಕೆಂಪು ಮುಖವೊಂದನ್ನು ಹಾಕಿದ್ದ. ಮಾಸ್ತರರು ಅದನ್ನು ಓದಿ ಮಷೀನಿನ ಪಕ್ಕದ ಚೀಲದ ಮೇಲೆ ಕೂತು ನಗತೊಡಗಿದರು. ಎದ್ದೇಳಲು ನಾನೇ ಕೈ ಕೊಡಬೇಕಾಯಿತು.

ಐತಾರ ಅಂಗಡಿಯ ಮುಂದೆ ಶಾಮಿಯಾನ, ಜಮಖಾನ, ತಿನ್ನಲು ದೊಡ್ಡ ಪರಾತದ ತುಂಬ ಸವಣೂರಿನ ಖಾರಾ. ಹಾನಗಲ್ಲಿನಿಂದ ಅಕ್ಕೋರು ಖಾಲಿ ಕಾರ್ಡಿನ ಸಮೇತ ಬಂದರು. ರುದ್ರಪ್ಪನವರು ರಜೆ ಹಾಕಿ, ಅಭ್ಯಾಸಬಲದಿಂದ “ಒಳಗ ಸರೀರಿ, ಒಳಗ ಸರೀರಿ” ಅಂತ ಜನರನ್ನು ಕೂರಿಸುತ್ತಿದ್ದರು. ಮಾಸ್ತರರು ಒಳಗೆ ಕಾಲಿಟ್ಟಾಗ ಚಾಚಾ ಸ್ವಾಗತಕ್ಕೆಂದು ಟೇಪು ಹಚ್ಚಿದ. ಹಗೇವಿನ ಋಷಿ ಹಾಡತೊಡಗಿದ. ಮಾಸ್ತರರು ಬಾಗಿಲಲ್ಲೇ ನಿಂತುಬಿಟ್ಟರು. ಹುಬ್ಬು ಮೇಲೇರಿತು. ಟೇಪಿನ ಹತ್ತಿರ ಹೋಗಿ ಬಗ್ಗಿ, ಒಳಗೆ ತಿರುಗುವ ಚಕ್ರವನ್ನು ತುಂಬ ಹೊತ್ತು ನೋಡಿದರು. ಚಾಚಾ ಕೋಟು ತಂದು ತೊಡಿಸಿದ. ಕೈಯೆರಡೂ ತೋಳಿನೊಳಗೆ ಕಾಣೆಯಾದವು, ಇನ್ನೊಬ್ಬ ಮಾಸ್ತರರಿಗೆ ಜಾಗ ಉಳಿಯಿತು.

“ಬಾಳ ಛಲೋ ಹೊಲಿದೀರಿ ಸಾಬ್ರ,” ಅಂದರು ಮಾಸ್ತರರು.

ಆ ಪೀಪಿ ದನಿ ಕೇಳಿ ಶಾಮಿಯಾನವೇ ತಣ್ಣಗಾಯಿತು. ರುದ್ರಪ್ಪನವರು ನನ್ನ ಕೊರಳಪಟ್ಟಿ ಹಿಡಿದು, “ಲೇ ಬಸ್ಯಾ, ಯಾರನ್ನ ಹಿಡಕೊಂಡು ಬಂದೀಲೇ?” ಅಂದರು. ಚಾಚಾ ಅಳತೆಪಟ್ಟಿಯನ್ನು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಮುಖ ನೋಡಲಾಗಲಿಲ್ಲ. ನಾನು ಬಾಯಿಬಿಟ್ಟೆ, ನನ್ನದೇ ಆಡಿನ ದನಿಯಲ್ಲಿ. “ಚಾಚಾ, ತಪ್ಪಾತು. ಮೊದಲನೇ ಮೆಸೇಜು ನಂದು. ಬಿಂದಿಗ್ಯಾಗ ಮಾರಿ ಇಟ್ಟು ನಾನ ಮಾತಾಡಿದ್ದು. ಇವರು ಖರೇ ಮಾಸ್ತರು.”

ಚಾಚಾ ಮಾಸ್ತರರ ಕಡೆ ತಿರುಗಿದ. “ಹೌದಾ ಸಾಹೇಬ್ರ? ಆ ದನಿ ನಿಮ್ಮದಲ್ಲಾ?”

ಮಾಸ್ತರರು ಚಾಚಾನ ಮುಖ ನೋಡಿದರು, ಕೋಟಿನ ಒಳ ಹೊಲಿಗೆ ಮುಟ್ಟಿ ನೋಡಿದರು. “ಅದು ನಂದ ರಿ ಸಾಬ್ರ,” ಅಂದರು. “ಈ ಹುಡುಗ ಸುಳ್ಳ ಹೇಳ್ತಾನ. ಆವತ್ತ ನನಗ ನೆಗಡಿ ಆಗಿತ್ತು. ನೆಗಡಿಯಾದ್ರ ದನಿ ಹಂಗ ಆಗತೈತಿ ನಂದು. ಕ್ಯಾಸೆಟ್ ಮಾಡೂ ಮುಂದೂ ನೆಗಡೀನ ಇತ್ತು.”

ವರ್ಷಗಟ್ಟಲೆಯ ವಾದ ಒಂದು ನೆಗಡಿಯಲ್ಲಿ ತೀರಿತು. “ನೋಡ್ರಿ, ನೆಗಡಿನೂ ವಾದ್ಯದಂಗ ಬಳಸ್ಯಾರ!” ಅಂತ ಅಕ್ಕೋರು ಕಣ್ಣರಳಿಸಿದರು. “ಮಿರ್ಚಿ ತಿಂದ ನೆಗಡಿ ಹೋಗಿರಬೇಕು, ನಾ ಹೇಳಿದ್ದೂ ಅದನ,” ಅಂದರು ರುದ್ರಪ್ಪ. ಚಾಚಾ ಮಾತ್ರ ಕೋಟು ಬಿಚ್ಚಿಸಿಕೊಂಡು ಮಷೀನಿಗೆ ಕೂತ. “ನೆಗಡಿ ಇಲ್ಲದಾಗಿನ ಅಳತಿಗೆ ಹಿಡೀತೇನಿ. ನೀವು ಹಾಡ್ರಿ ಸಾಹೇಬ್ರ.” ಮಾಸ್ತರರು ಹಾಡಿದರು. ಮೊದಲ ಸಾಲು ತೆಳ್ಳಗೆ, ಓಟದಲ್ಲಿ ಹೊರಟಿತು. ಜನ ಎರಡನೆಯ ಸಾಲಿಗೆ ತಮಗೆ ಗೊತ್ತಿದ್ದ ನಿಧಾನದಲ್ಲಿ ಹಿಡಿದು ಜಗ್ಗಿದರು. ಮಾಸ್ತರರು ಒಂದು ಗಳಿಗೆ ತಡಬಡಿಸಿ, ಮತ್ತೆ ಅವರ ಜೊತೆಯೇ ನಡೆದರು. ಚಾಚಾನ ಕಾಲು ಮಷೀನಿನ ಮೇಲೆ ತಾಳ ಹಾಕುತ್ತಿತ್ತು. ಹಾಡು ಮುಗಿದರೂ ಯಾರೂ ಬಿಡಲಿಲ್ಲ. ಮೂರು ಸಲ ಆಯಿತು, ನಾಲ್ಕನೆಯ ಸಲಕ್ಕೆ ಕೋಟೂ ಆಯಿತು.

ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ಮಾಸ್ತರರು ನನ್ನ ಕಿವಿಯಲ್ಲಿ ಹೇಳಿದರು: “ಆ ಟೇಪಿನಾಗ ಹಾಡಿಸೂ ಕಡೀ ಬೆಲ್ಟ್ ಸಡ್ಲ ಆಗೇತಿ ತಮ್ಮಾ. ಹುಟ್ಟಾನ ಸಡ್ಲ ಇದ್ದಂಗ ಕಾಣ್ತೈತಿ. ನಾ ಹಾಡಿದ್ದು ಮದುವ್ಯಾಗ ಕುಣ್ಯಾಕಂತ. ನಿಧಾನ ಓಡಿಸಿ ಓಡಿಸಿ, ನನ್ನ ದನಿ ದಪ್ಪ ಮಾಡಿ, ನೀವದನ್ನ ತತ್ವಪದ ಮಾಡೀರಿ. ಬ್ಯಾರೆ ಎಲ್ಲೂ ಯಾರೂ ಕೇಳದ ಹಾಡು, ನಿಮ್ಮ ಕಡೆ ಮಾತ್ರ ಯಾಕ ಅಷ್ಟ್ ಓಡ್ತು ಅಂತ ನನಗ ಇವತ್ತ ತಿಳೀತು.” ಬಸ್ಸು ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿದರು. “ಹೊಸಾ ಬೆಲ್ಟ್ ಗಿಲ್ಟ್ ಹಾಕಿಸೀಯಾ ಮತ್ತ, ಹುಷಾರ್!”

ಹಾಕಿಸಿಲ್ಲ. ಗುಟ್ಟು ಇಲ್ಲಿ ಬರೆಯುತ್ತಿರುವೆನಲ್ಲ ಎಂದರೆ, ಭಯವೇನಿಲ್ಲ, ಇದನ್ನು ಓದಿದರೂ ಚಾಚಾ ನಂಬುವುದಿಲ್ಲ. ನನ್ನ ಚಿಂತೆ ಬೇರೆ. ಇಷ್ಟು ವರ್ಷ ಊರನ್ನೆಲ್ಲ ಅಣಕಿಸಿದವನು, ಒಂದೇ ಒಂದು ಸಲ ನಾಲ್ಕು ತಾಲೂಕು ಮರುಳಾಗುವಂಥ ದನಿ ತೆಗೆದೆ, ಅದರ ಕೀರ್ತಿ ನೆಗಡಿಗೆ ಹೋಯಿತು. ಈಗ ಯಾರೇ ಅಂಗಿ ಹೊಲಿಸಲು ಬರಲಿ, ಚಾಚಾ ಮೊಬೈಲು ತೆಗೆದು ಮೊದಲು ನನ್ನ ಮೆಸೇಜು ಕೇಳಿಸುತ್ತಾನೆ: “ಇದು ಮಾಸ್ತರದು, ನೋಡ್ರಿ ಎಂಥಾ ದನಿ!” ಆಮೇಲೆ ಹಿರೇಕೆರೂರಿನಿಂದ ಮಾಸ್ತರರೇ ಮಾತಾಡಿದ್ದನ್ನು ಕೇಳಿಸುತ್ತಾನೆ: “ಇದು ನಮ್ಮ ಬಸ್ಯಾ ಮಾಡಿದ್ದು.” ಗಿರಾಕಿಗಳು ನನ್ನ ಕಡೆ ತಿರುಗಿ ಪಾಪ ಎಂಬಂತೆ ನಗುತ್ತಾರೆ. ಮೊನ್ನೆ ಚಾಚಾ ಎರಡೂ ಮೆಸೇಜನ್ನು ನನ್ನ ಎದುರಿಗೇ ಹಚ್ಚಿ, ಬೆನ್ನು ತಟ್ಟಿ ಹೇಳಿದ: “ಬೇಜಾರ ಮಾಡಕೋಬ್ಯಾಡ ಬೇಟಾ. ದಿನಾ ಮುಂಜಾನೆ ಮೊದಲನೇದ್ದನ್ನ ಹತ್ತು ಸಲ ಕೇಳು, ಹಂಗ ತಗೀಲಾಕ ನೋಡು. ಮೈಗೂಡಸಗೊಂಡ್ರ ಇನ್ನೊಂದ್ ಎರಡು ವರ್ಷದಾಗ ನಿನಗೂ ಬಂದೀತು.”

ಕೇಳುತ್ತಿದ್ದೇನೆ. ನಿಜ ಹೇಳಬೇಕೆಂದರೆ, ಬರುತ್ತಿಲ್ಲ.