ಹಿಂದಿನ ಗಾಲಿಗೆ ಸರಪಳಿ

ಕಾರು ಓಡಿಸುವ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ಕಳೆದ ಚಳಿಗಾಲದವರೆಗೂ ನಮ್ಮ ಮನೆಯಲ್ಲಿ ಸರ್ವಸಮ್ಮತವಾದ ಸಂಗತಿಯಾಗಿತ್ತು. ಸರ್ವಸಮ್ಮತ ಎಂದರೆ ನನಗೆ ಸಮ್ಮತ. ಬಾಗಲಕೋಟೆಯಲ್ಲಿ ಸೋದರಮಾವನ ಹಳೆಯ ಜೀಪಿನ ಮೇಲೆ ಡ್ರೈವಿಂಗ್ ಕಲಿತವನು ನಾನು. ಸಾಲದ್ದಕ್ಕೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದವನು. ಓದಿದ್ದು ಸಿವಿಲ್, ಈಗ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ನೋಡಿಕೊಳ್ಳುತ್ತಿರುವುದು ಕುಡಿಯುವ ನೀರಿನ ಪೈಪುಗಳನ್ನು. ಆದರೇನು, ಇಂಜಿನಿಯರ್ ಇಂಜಿನಿಯರೇ!

ಈಗ ಆ ಆತ್ಮವಿಶ್ವಾಸ ಉಳಿದಿಲ್ಲ. ಜಾನ್ಸನ್‌ವಿಲ್‌ನ ನಮ್ಮ ಮನೆಯ ಮುಂದೆ ತುಸು ಇಳಿಜಾರಿದೆ. ಅಲ್ಲಿ ಕಾರು ನಿಲ್ಲಿಸಿ ಬಂದ ಮೇಲೆ ಮೂರು ಸಲ ಕಿಟಕಿಯಿಂದ ಇಣುಕಿ ನೋಡುತ್ತೇನೆ. ಅದು ಅಲ್ಲೇ ಇದೆಯೆಂದು ಖಾತ್ರಿಯಾದರೆ ಮಾತ್ರ ಚಹಾ ಒಳಗಿಳಿಯುತ್ತದೆ.

ಇದಕ್ಕೆಲ್ಲ ಕಾರಣ ನನ್ನ ಅತ್ತೆಯವರ ಒಂದು ಸಣ್ಣ ಆಸೆ. ನನ್ನ ಹೆಂಡತಿ ಸುಮಾಳ ತಾಯಿ ಸಿಡ್ನಿಯಲ್ಲಿರುವ ಮಗನ ಮನೆಗೆ ಬಂದಿದ್ದರು. ಅಲ್ಲಿಂದ ನಮ್ಮಲ್ಲಿಗೆ ಬರುವ ಮೊದಲು, ಜನ್ಮದಲ್ಲಿ ಒಮ್ಮೆ ಹಿಮವನ್ನು ಕೈಯಲ್ಲಿ ಹಿಡಿದು ನೋಡಬೇಕು ಎಂದರು. ನಾನು ಕೂಡಲೇ ಯೋಜನೆ ಹಾಕಿದೆ. ಅವರು ಸಿಡ್ನಿಯಿಂದ ನೇರವಾಗಿ ಕ್ವೀನ್ಸ್‌ಟೌನ್‌ಗೆ ಬಂದಿಳಿಯುವುದು, ನಾವು ವೆಲಿಂಗ್ಟನ್‌ನಿಂದ ಹಾರಿ ಹೋಗುವುದು, ವಿಮಾನ ನಿಲ್ದಾಣದಲ್ಲೇ ಬಾಡಿಗೆ ಕಾರು ಹಿಡಿದು ಬೆಟ್ಟದ ಮೇಲಿನ ಸ್ಕೀ ಮೈದಾನಕ್ಕೆ ಹೋಗುವುದು. ಅತ್ತೆಯವರು ಹಿಮ ಮುಟ್ಟುವಷ್ಟರಲ್ಲಿ ನಾನು ಸ್ಕೀಯಿಂಗ್ ಕಲಿತುಬಿಡುವುದು!

ಇಲ್ಲಿ ನಮ್ಮ ಮನೆತನದ ಒಂದು ಪದ್ಧತಿಯನ್ನು ಹೇಳಬೇಕು. ನನ್ನ ಅತ್ತೆಯವರು ನನ್ನೊಡನೆ ನೇರವಾಗಿ ಮಾತಾಡುವುದಿಲ್ಲ. ಸಿಟ್ಟಿಲ್ಲ, ಇದು ಮರ್ಯಾದೆ. ಅಳಿಯ ಎಂದರೆ ಅವರ ಲೆಕ್ಕದಲ್ಲಿ ಅರ್ಧ ದೇವರು. ಮುಖ ನೋಡಿ ಮಾತಾಡಬಾರದು, ತಪ್ಪಂತೂ ತೋರಿಸಲೇಬಾರದು. ಆದ್ದರಿಂದ ಎಲ್ಲ ಸಂದೇಶಗಳೂ ಸುಮಾಳ ಮೂಲಕ ಹಾಯಬೇಕು. ನಾನು ಒಂದು ಮೊಳ ದೂರದಲ್ಲಿ ಕುಳಿತಿದ್ದರೂ ಅವರು, "ಸುಮಾ, ಅವರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು" ಎನ್ನುತ್ತಾರೆ. ಸುಮಾ ನನ್ನತ್ತ ನೋಡುತ್ತಾಳೆ. ನಾನು ಸಾಕು ಎನ್ನುತ್ತೇನೆ. ಸುಮಾ ಅವ್ವನತ್ತ ತಿರುಗಿ, "ಸಾಕಂತ" ಎನ್ನುತ್ತಾಳೆ. ಮದುವೆಯಾದಾಗಿನಿಂದ ನಮ್ಮ ಮನೆಯ ಟೆಲಿಫೋನ್ ಎಕ್ಸ್‌ಚೇಂಜ್ ಹೀಗೆಯೇ ನಡೆದಿದೆ.

ಕ್ವೀನ್ಸ್‌ಟೌನ್‌ನಲ್ಲಿ ಸಿಡ್ನಿಯ ವಿಮಾನದವರೆಲ್ಲ ಹೊರಬಂದರೂ ಅತ್ತೆಯವರು ಬರಲಿಲ್ಲ. ಗಡಿ ತಪಾಸಣೆಯವರು ಅವರ ಚೀಲದಲ್ಲಿದ್ದ, ಒಣಗಿಸಿ ಗಟ್ಟಿ ಮಾಡಿದ ಜೋಳದ ಕಟಕ ರೊಟ್ಟಿಗಳ ಮುಂದೆ ಚಿಂತಾಕ್ರಾಂತರಾಗಿ ನಿಂತಿದ್ದರಂತೆ. ಒಬ್ಬ ಅಧಿಕಾರಿ ಒಂದು ರೊಟ್ಟಿಯನ್ನು ಬೆರಳಿನಿಂದ ಬಡಿದು, ಕಿವಿಯ ಹತ್ತಿರ ಹಿಡಿದು, ಸಪ್ಪಳ ಕೇಳಿದನಂತೆ. ಅದು ಆಹಾರವೇ ಎಂದು ಇಲಾಖೆಗೆ ಮನವರಿಕೆಯಾದ ಮೇಲೆ ಎಲ್ಲ ರೊಟ್ಟಿಗಳಿಗೂ ನ್ಯೂಜಿಲೆಂಡಿಗೆ ಪ್ರವೇಶ ದೊರೆಯಿತು.

ಕಾರು ಬಾಡಿಗೆಯ ಕೌಂಟರಿನಲ್ಲಿದ್ದ ಹುಡುಗಿ ನಾಲ್ಕೂ ಗಾಲಿಗಳನ್ನು ಇಂಜಿನ್ನೇ ತಿರುಗಿಸುವ ದೊಡ್ಡ ಗಾಡಿ ಒಯ್ಯಿರಿ ಎಂದಳು. ಅದು ಓಡಿಸಲು ಬಾರದವರಿಗೆ ಎಂದು ಮನಸ್ಸಿನಲ್ಲೇ ನಕ್ಕು, ಒಂದು ಪುಟ್ಟ ಬಿಳಿ ಕಾರನ್ನು ಆರಿಸಿದೆ. ಆಕೆ ಒಂದು ಭಾರವಾದ ಚೀಲವನ್ನು ಮುಂದಿಟ್ಟಳು. ಹಿಮದ ದಾರಿಯಲ್ಲಿ ಗಾಲಿಗೆ ಸುತ್ತುವ ಸರಪಳಿಗಳು. ಹೇಗೆ ಹಾಕುವುದೆಂದು ಹೊರಗೆ ಬಂದು ತೋರಿಸಲೇ, ಎರಡೇ ನಿಮಿಷ, ಎಂದು ಕೇಳಿದಳು.

ನನ್ನ ಬೆನ್ನ ಹಿಂದೆ ಅತ್ತೆಯವರು ಶಾಲು ಹೊದ್ದು ನಿಂತಿದ್ದರು. ಅತ್ತೆಯ ಎದುರಿಗೆ ಅಳಿಯ ಒಬ್ಬ ಹುಡುಗಿಯಿಂದ ಪಾಠ ಹೇಳಿಸಿಕೊಳ್ಳುವುದೇ? ಬೇಡ, ನಾನು ಇಂಜಿನಿಯರ್ ಎಂದೆ. ಹುಡುಗಿಗೆ ಬಹಳ ಸಂತೋಷವಾಯಿತು.

ಮರುದಿನ ಬೆಳಿಗ್ಗೆ ಹೊರಟೆವು. ಸರೋವರದ ದಂಡೆಯ ದಾರಿ ಮುಗಿದು ಬೆಟ್ಟದ ದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಒಂದು ಬಯಲು. ಇಲ್ಲಿಂದ ಮುಂದೆ ಸರಪಳಿ ಕಡ್ಡಾಯ ಎಂಬ ಫಲಕ. ಕಾರುಗಳೆಲ್ಲ ಸಾಲಾಗಿ ನಿಂತಿದ್ದವು, ಎಲ್ಲರೂ ಮಂಡಿಯೂರಿ ಸರಪಳಿ ಕಟ್ಟುತ್ತಿದ್ದರು. ನಾನೂ ಇಳಿದೆ. ಸುಮಾ ಒಳಗೆ ಕುಳಿತು ಸಿಡ್ನಿಯ ಅಣ್ಣನಿಗೆ ಫೋನಿನಲ್ಲಿ ಬೆಟ್ಟವನ್ನು ತೋರಿಸುತ್ತಿದ್ದಳು.

ಸರಪಳಿ ಎರಡೇ, ಗಾಲಿ ನಾಲ್ಕು. ಯಾವುದಕ್ಕೆ ಹಾಕುವುದು? ಪಕ್ಕದವರನ್ನು ನೋಡಿ ನಕಲು ಮಾಡುವುದು ವಿದ್ಯಾವಂತರ ಲಕ್ಷಣವಲ್ಲ. ನಾನು ಮೂಲತತ್ವಗಳಿಂದ ವಿಚಾರ ಮಾಡಿದೆ. ಗಾಡಿಯನ್ನು ಮುಂದಕ್ಕೆ ತಳ್ಳುವುದು ಯಾವ ಗಾಲಿ? ಸೋದರಮಾವನ ಜೀಪಿನಲ್ಲಿ ಹಿಂದಿನದು. ಟ್ರ್ಯಾಕ್ಟರಿನಲ್ಲಿ ಹಿಂದಿನದು. ಲಾರಿಯಲ್ಲೂ ಹಿಂದಿನದು. ಎತ್ತಿನ ಗಾಡಿಯಲ್ಲಿ ಎತ್ತುಗಳು ಮುಂದಿರುತ್ತವೆ ನಿಜ, ಆದರೆ ಅದು ಬೇರೆ ವಿಷಯ. ಆದ್ದರಿಂದ ಸರಪಳಿ ಹಿಂದಿನ ಗಾಲಿಗೆ!

ಕಟ್ಟುವಷ್ಟರಲ್ಲಿ ಬೆರಳುಗಳು ನನ್ನವೋ ಪರರವೋ ಎಂಬುದು ತಿಳಿಯದಾಯಿತು. ಒಂದು ಕೊಂಡಿಯಲ್ಲಿ ನನ್ನ ಕೈಗವಸೂ ಸೇರಿಕೊಂಡಿತು, ಇರಲಿ ಎಂದು ಬಿಟ್ಟೆ. ಒಳಗೆ ಬಂದು ಕುಳಿತಾಗ ಕಿಟಕಿಯಿಂದ ಸುತ್ತಮುತ್ತ ನೋಡುತ್ತಿದ್ದ ಅತ್ತೆಯವರು, "ಸುಮಾ..." ಎಂದರು. ಸುಮಾ ಏನವ್ವಾ ಎಂದಳು. ಅವರು ನನ್ನ ಬೆನ್ನು ನೋಡಿ, "ಏನಿಲ್ಲ ತಗೋ" ಎಂದು ಸುಮ್ಮನಾದರು.

ದಾರಿ ಏರುತ್ತ ಹೋಯಿತು. ಒಂದು ಬದಿಗೆ ಗೋಡೆಯಂಥ ಬೆಟ್ಟ, ಇನ್ನೊಂದು ಬದಿಗೆ ಏನೂ ಇಲ್ಲ. ಹಿಂದಿನ ಸರಪಳಿಗಳು ಧಡ್ ಧಡ್ ಎಂದು ಬಾರಿಸುತ್ತಿದ್ದವು, ಅದು ಸುರಕ್ಷತೆಯ ಸಪ್ಪಳವೆಂದು ನಾನು ವಿವರಿಸಿದೆ. ಒಂದು ಕಡಿದಾದ ತಿರುವಿನಲ್ಲಿ ಕಾರು ನಿಂತಿತು. ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಚೀರಿತು, ಕಾರು ಕದಲಲಿಲ್ಲ. ಇನ್ನಷ್ಟು ಒತ್ತಿದೆ. ಕಾರಿನ ಮೂತಿ ಅತ್ತ ಇತ್ತ ಅಲುಗಾಡಿ ಬೇಡವೆಂದಿತು. ಅತ್ತೆಯವರು ಕಣ್ಣು ಮುಚ್ಚಿ, ಕೈ ಜೋಡಿಸಿ, ತುಟಿಯಲ್ಲೇ ಸ್ತೋತ್ರ ಶುರು ಮಾಡಿದರು.

ಪಾರ್ಕ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ನಾನೂ ಸುಮಾಳೂ ಇಳಿದೆವು. ಗಾಲಿಯ ಕೆಳಗೆ ಏನಾದರೂ ಕೊಟ್ಟರೆ ಹಿಡಿತ ಸಿಗುತ್ತದೆ ಎಂದೆ. ಸುತ್ತ ಒಂದು ಕಲ್ಲೂ ಕಾಣಲಿಲ್ಲ, ಎಲ್ಲ ಹಿಮದಡಿ. ಸುಮಾ ಡಿಕ್ಕಿ ತೆಗೆದು ರೊಟ್ಟಿಯ ಚೀಲ ನೋಡಿದಳು. ನಾನೂ ನೋಡಿದೆ. ಗಡಿ ಇಲಾಖೆಯೇ ಬಡಿದು ನೋಡಿ ಒಪ್ಪಿದ ಗಟ್ಟಿತನ! ಎರಡೆರಡು ರೊಟ್ಟಿಗಳನ್ನು ಮುಂದಿನ ಗಾಲಿಗಳಿಗೆ ಒತ್ತಿ ಇಟ್ಟಳು. ನಾನು ಮತ್ತೆ ಒಳಗೆ ಕುಳಿತು ಒತ್ತಿದೆ. ರೊಟ್ಟಿಗಳು ಪುಡಿಯಾಗಿ ಚಿಮ್ಮಿ ಸುಮಾಳ ಮುಖದ ಮೇಲೆ ಬಿದ್ದವು.

ಮುಖ ಒರೆಸಿಕೊಂಡು ಅವಳು ಕೇಳಿದಳು. "ಅಲ್ರೀ, ತಿರಗಾಕತ್ತಿದ್ದು ಮುಂದಿನ ಗಾಲಿ. ನೀವು ಸರಪಳಿ ಹಾಕಿದ್ದು ಹಿಂದಿನದಕ್ಕ."

ನಾನು ಮತ್ತೆ ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಹೋಗಿ ನೋಡಿದೆ. ಕೇಳಿದ್ದು ಪ್ರಶ್ನೆಯಲ್ಲ, ತೀರ್ಪು.

ಆದರೆ ತಪ್ಪು ಗೊತ್ತಾದ ಮೇಲೆ ತಿದ್ದಿಕೊಳ್ಳುವುದೇ ವೈಜ್ಞಾನಿಕ ಮನೋಭಾವ. ಹಿಂದಿನ ಸರಪಳಿ ಬಿಚ್ಚಿ ಮುಂದಕ್ಕೆ ಹಾಕಿದರಾಯಿತು. ಸುಮಾಳನ್ನು ಬದಿಗೆ ನಿಲ್ಲಿಸಿ, ಅತ್ತೆಯವರು ಬೆಚ್ಚಗೆ ಒಳಗೇ ಇರಲಿ ಎಂದು ಬಿಟ್ಟು, ಹಿಂದಿನ ಗಾಲಿಯ ಬಳಿ ಮಂಡಿಯೂರಿದೆ. ಆ ಹೊತ್ತಿನಲ್ಲಿ ಆ ಇಡೀ ಬೆಟ್ಟದ ಮೇಲೆ ನಮ್ಮ ಕಾರನ್ನು ಹಿಡಿದುಕೊಂಡಿದ್ದುದು ಆ ಎರಡು ಸರಪಳಿಗಳು ಮಾತ್ರ.

ನಾನು ಅವನ್ನು ಬಿಚ್ಚಿದೆ.

ಎಡಗಡೆಯದು ಸುಲಭವಾಗಿ ಬಂತು, ಅದನ್ನು ಕುತ್ತಿಗೆಗೆ ಹಾಕಿಕೊಂಡೆ. ಬಲಗಡೆಯದರ ಒಂದು ತುಂಡು ಗಾಲಿಯ ಕೆಳಗೆ ಸಿಕ್ಕಿಕೊಂಡಿತ್ತು. ಕಾಲು ಊರಿ ಜಗ್ಗಿದೆ. ಸರಪಳಿ ಬಂತು. ನಾನು ಬದಿಗೆ ಅಂಗಾತ ಬಿದ್ದೆ. ಕಾರು ಹೊರಟಿತು.

ಸಪ್ಪಳವಿಲ್ಲ. ನಾನು ಇಂದಿಗೂ ಮರೆಯಲಾರದ್ದು ಅದೇ. ಅಪಘಾತವೆಂದರೆ ದೊಡ್ಡ ಸದ್ದಿರುತ್ತದೆ ಎಂದುಕೊಂಡಿದ್ದೆ. ಇದು ಯಾರೋ ನಿದ್ದೆಯಲ್ಲಿದ್ದಾರೆ, ಎಬ್ಬಿಸಬಾರದು ಎಂಬಂತೆ ಮೆಲ್ಲಗೆ ಹಿಂದಕ್ಕೆ ಜಾರಿತು. ಕಿಟಕಿ ನನ್ನ ಎದುರಿಗೇ ಹಾಯ್ದು ಹೋಯಿತು. ಒಳಗೆ ಅತ್ತೆಯವರ ಮುಚ್ಚಿದ ಕಣ್ಣು, ಜೋಡಿಸಿದ ಕೈ. ಅವರ ಮುಖದ ಮೇಲೆ ಒಂದು ಸಮಾಧಾನ ಮೂಡಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಅಂತೂ ಗಾಡಿ ಹೊರಟಿತು ಎಂಬ ಸಮಾಧಾನ.

"ಅವ್ವಾ" ಎಂದಳು ಸುಮಾ. ಕೂಗಲಿಲ್ಲ.

ನಾನು ಎದ್ದು ಓಡಿ ಬದಿಯ ಕನ್ನಡಿಯನ್ನು ಹಿಡಿದು ಜಗ್ಗಿದೆ. ಒಂದು ಕಾರನ್ನು ಕನ್ನಡಿ ಹಿಡಿದು ನಿಲ್ಲಿಸಬಹುದೆಂದು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ, ಅದು ನನ್ನ ಸ್ವಂತ ಸಂಶೋಧನೆ. ಕನ್ನಡಿ ಮಡಚಿಕೊಂಡಿತು. ನನ್ನ ಬೂಟುಗಳೂ ಜಾರತೊಡಗಿದವು. ಹೀಗೆ ಕಾರು, ಅತ್ತೆಯವರು ಮತ್ತು ಅಳಿಯ ಮೂವರೂ ಒಂದೇ ವೇಗದಲ್ಲಿ, ಏನೂ ಇಲ್ಲದ ಆ ಬದಿಯತ್ತ ಸಾಗಿದೆವು. ನಾನು ಬಾಯಲ್ಲಿ ಏನೋ ಹೇಳುತ್ತಿದ್ದೆ. ದೇವರ ಹೆಸರಿರಬೇಕು ಎಂದುಕೊಂಡಿದ್ದೆ. "ತಡಿ, ತಡಿ" ಎಂದು ಕಾರಿಗೆ ಹೇಳುತ್ತಿದ್ದೆನೆಂದು ಆಮೇಲೆ ಸುಮಾ ತಿಳಿಸಿದಳು.

ದಾರಿಯ ಅಂಚಿನಲ್ಲಿ ಯಂತ್ರದವರು ಹಿಮ ಗೋರಿ ಸರಿಸಿದ ಒಂದು ದಿಬ್ಬ ಇತ್ತು, ಮೊಣಕಾಲೆತ್ತರದ್ದು. ಕಾರಿನ ಹಿಂಭಾಗ ಅದರೊಳಗೆ ಹೂತು ನಿಂತಿತು. ದಿಬ್ಬದ ಆಚೆಗೆ ನೋಡಿದೆ. ಬಹಳ ಕೆಳಗೆ, ಬೆಳಿಗ್ಗೆ ನಾವು ಹಾಯ್ದು ಬಂದ ಸರೋವರ ಒಂದು ತಟ್ಟೆಯ ಹಾಗೆ ಕಾಣುತ್ತಿತ್ತು. ನಡುವೆ ಗಾಳಿ.

ಈಗ ಅತ್ತೆಯವರನ್ನು ಇಳಿಸಬೇಕು. ಅವರು ಕುಳಿತದ್ದು ಎಡಗಡೆ, ಪ್ರಪಾತದ ಬದಿ. ಅತ್ತ ಬಾಗಿಲು ತೆಗೆದರೆ ಮುಗಿಯಿತು. ಬಲಗಡೆಗೆ ಸರಿದು ನಮ್ಮ ಬದಿಯಿಂದ ಇಳಿಯಬೇಕು. ಸುಮಾ ಬಂದು ಬಾಗಿಲು ತೆಗೆದು, ಅವ್ವಾ ಮೆಲ್ಲಗ ಈ ಕಡೆ ಬಾ ಎಂದಳು. ಅವರು ಕಣ್ಣು ಬಿಟ್ಟು ಅತ್ಯಂತ ಶಾಂತವಾಗಿ ಹೇಳಿದರು.

"ಹೊರಗ ಥಂಡಿ ಐತಿ. ಈಗರ ಗಾಡಿ ಸುರಳೀತ ನಡದೈತಿ, ಮತ್ಯಾಕ ಇಳಿಸ್ತಿ? ಹಂಗ ಮುಂದ ಹೋಗೂಣು ಅಂತ ಅವರಿಗೆ ಹೇಳು."

ಸುಮಾಳ ಬಾಯಿಂದ ಮಾತು ಹೊರಡಲಿಲ್ಲ. ಎಕ್ಸ್‌ಚೇಂಜ್ ಬಂದ್! ದಿಬ್ಬದ ಹಿಮ ತುಸು ಕುಸಿದು ಉದುರಿದ್ದು ನನಗೆ ಕೇಳಿಸಿತು. ನಾನು ಬಾಗಿಲಲ್ಲಿ ತಲೆ ತೂರಿಸಿ, ಮದುವೆಯಾದಾಗಿನಿಂದ ಮೊದಲ ಬಾರಿಗೆ ಅತ್ತೆಯವರ ಮುಖ ನೋಡಿ ಮಾತಾಡಿದೆ.

"ಅತ್ತೀರಿ, ಈಗಿಂದೀಗ ಇಳೀರಿ. ನನ್ನ ಕೈ ಹಿಡೀರಿ."

ಅವರು ಗಾಬರಿಯಾದರು. ಕಾರು ಜಾರಿದಾಗ ಆಗದ ಗಾಬರಿ ಅಳಿಯ ನೇರವಾಗಿ ಮಾತಾಡಿದಾಗ ಆಯಿತು. ಸೆರಗು ತಲೆಯ ಮೇಲೆ ಎಳೆದುಕೊಂಡು, ಮರುಮಾತಾಡದೆ ಸರಿದು ಬಂದು, ನನ್ನ ಕೈ ಹಿಡಿಯುವುದು ಸರಿಯೋ ತಪ್ಪೋ ಎಂದು ಒಂದು ಕ್ಷಣ ಯೋಚಿಸಿ, ಹಿಡಿದರು. ಇಳಿದರು. ಸುಮಾ ಅವರನ್ನು ತಬ್ಬಿ, ಮುಖವನ್ನು ಬೆಟ್ಟದ ಕಡೆಗೆ ತಿರುಗಿಸಿ ಹಿಡಿದುಕೊಂಡಳು.

ಅವರು ಬಗ್ಗಿ ಒಂದು ಹಿಡಿ ಹಿಮ ಎತ್ತಿಕೊಂಡರು. "ಇದ ಏನು ಬರ್ಫ? ಥೇಟ್ ಉಪ್ಪಿನಂಗ ಐತಿ ನೋಡು" ಎಂದರು. ಮಗಳು ಯಾಕೆ ಅಳುತ್ತಿದ್ದಾಳೆಂದು ಅವರಿಗೆ ಅರ್ಥವಾಗಲಿಲ್ಲ. ಬರ್ಫ ನೋಡಿದ ಸಂತೋಷಕ್ಕೆ ಎಂದುಕೊಂಡರು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಮೈದಾನದವರ ಯೂಟ್, ಅಂದರೆ ಹಿಂಭಾಗ ತೆರೆದ ಸಣ್ಣ ಟ್ರಕ್ಕು, ಬಂತು. ಅದರ ಚಾಲಕ ಇಳಿದು ಬೋಳಾಗಿದ್ದ ನಾಲ್ಕು ಗಾಲಿಗಳನ್ನು ನೋಡಿದ, ನನ್ನ ಕುತ್ತಿಗೆಯಲ್ಲಿ ಜೋತಾಡುತ್ತಿದ್ದ ಸರಪಳಿಯನ್ನು ನೋಡಿದ, ದಾರಿಯ ಮೇಲೆ ಚೆಲ್ಲಿದ್ದ ಜೋಳದ ಪುಡಿಯನ್ನು ನೋಡಿದ. ಏನೂ ಕೇಳಲಿಲ್ಲ. ಕಿವಿಗಳು, ಅಂದರೆ ನ್ಯೂಜಿಲೆಂಡಿನವರು, ಬಹಳ ಸಭ್ಯ ಜನ. ಹಗ್ಗ ಕಟ್ಟಿ ಕಾರನ್ನು ಎಳೆದು ದಾರಿಗೆ ತಂದು, ನಮ್ಮನ್ನು ತನ್ನ ಗಾಡಿಯಲ್ಲೇ ಮೇಲಕ್ಕೆ ಒಯ್ದ.

ಮೇಲಿನ ಕೆಫೆಯಲ್ಲಿ ಬಿಸಿ ಚಾಕೊಲೇಟ್ ಕುಡಿಯುತ್ತ ಅತ್ತೆಯವರು ಮಗಳಿಗೆ, ಆದರೆ ನನಗೆ ಕೇಳುವಷ್ಟು ಜೋರಾಗಿ, ಒಂದು ಮಾತು ಹೇಳಿದರು. ಕೆಳಗಿನ ಬಯಲಿನಲ್ಲಿ ನಮ್ಮಂಥ ಸಣ್ಣ ಗಾಡಿಯವರೆಲ್ಲ ಸರಪಳಿಯನ್ನು ಮುಂದಿನ ಗಾಲಿಗೇ ಕಟ್ಟುತ್ತಿದ್ದುದನ್ನು ಅವರು ಕಿಟಕಿಯಿಂದ ಕಂಡಿದ್ದರಂತೆ. ಮತ್ಯಾಕ ಹೇಳಲಿಲ್ಲವ್ವಾ ಎಂದು ಸುಮಾ ಹಣೆ ಹಿಡಿದುಕೊಂಡಳು.

"ಅಳಿಯಂದ್ರಿಗೆ ಹ್ಯಾಂಗ ಹೇಳೂದವಾ? ಓದಿದವ್ರು. ಏನರ ಲೆಕ್ಕ ಇಟ್ಟ ಮಾಡಿರತಾರ ಅಂದ್ಕೊಂಡೆ."

ಆ ದಿನ ನಾನು ಸ್ಕೀಯಿಂಗ್ ಕಲಿಯಲಿಲ್ಲ. ಕುರ್ಚಿಯಿಂದ ಎದ್ದರೆ ನೆಲ ಜಾರುತ್ತದೆಂದು ಅನಿಸುತ್ತಿತ್ತು. ಕಾರು ಹೇಗೆ ಹಿಂದಕ್ಕೆ ಹೋಯಿತೆಂಬುದನ್ನು ಅವ್ವನಿಗೆ ಹೇಳಬಾರದು, ರಕ್ತದೊತ್ತಡ ಇದೆ, ಎಂದು ನಾನೂ ಸುಮಾಳೂ ಕಣ್ಣಿನಲ್ಲೇ ಒಪ್ಪಂದ ಮಾಡಿಕೊಂಡೆವು.

ವೆಲಿಂಗ್ಟನ್‌ಗೆ ಮರಳಿದ ಮೇಲೆ ಹತ್ತಿರದ ಅಪ್ಪರ್ ಹಟ್‌ನಲ್ಲಿ ನಮ್ಮ ಕಡೆಯ ಒಬ್ಬ ಡಾಕ್ಟರ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಏಳೆಂಟು ಕನ್ನಡದ ಮನೆಗಳವರು ಸೇರಿದ್ದರು. ಬರ್ಫ ಹ್ಯಾಂಗಿತ್ತು ಆಂಟಿ ಎಂದು ಯಾರೋ ಕೇಳಿದರು. ಅತ್ತೆಯವರು ಬರ್ಫದ ವಿಷಯ ಒಂದೇ ಮಾತಿನಲ್ಲಿ ಮುಗಿಸಿ, ನನ್ನ ಡ್ರೈವಿಂಗ್‌ಗೆ ಬಂದರು. ನಾನು ತಟ್ಟೆಯತ್ತ ಬಗ್ಗಿದೆ.

"ಖರೇ ಹೇಳ್ತೀನಿ, ದಾರಿ ಉದ್ದಕ್ಕೂ ಧಡ್ ಧಡ್ ಅಂತ ನನ್ನ ಸೊಂಟ ಮುರದಿತ್ತು. ಒಂದು ಕಡೆ ಮಾತ್ರ, ಆ ತಿರುವಿನ್ಯಾಗ, ನಮ್ಮ ಅಳಿಯಂದ್ರು ಏನು ಚಂದ ಹೊಡದ್ರು ಅಂತೀರಿ. ಒಂದು ಜೋಲಿ ಇಲ್ಲ, ಒಂದು ಸಪ್ಪಳ ಇಲ್ಲ. ಹಾಸಿಗಿ ಮ್ಯಾಲೆ ಮಲಗಿಸಿ ಒಯ್ದಂಗ ಆತು. ಹಂಗ ಹೊಡಿಯೂದು ಎಲ್ಲಾರಿಗೂ ಬರೂದಿಲ್ಲ."

ಎಲ್ಲರೂ ನನ್ನತ್ತ ಮೆಚ್ಚುಗೆಯಿಂದ ನೋಡಿದರು. ಡಾಕ್ಟರು ಬೆನ್ನು ತಟ್ಟಿದರು. ಸುಮಾ ಎದ್ದು ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದಳು, ಬಹಳ ಹೊತ್ತು ಬರಲಿಲ್ಲ.

ನನ್ನ ಇಷ್ಟು ವರ್ಷಗಳ ಚಾಲನಾ ಜೀವನದಲ್ಲಿ ನನಗೆ ಸಿಕ್ಕಿರುವ ಪ್ರಶಂಸೆ ಅದೊಂದೇ. ಆಗ ನಾನು ಕಾರಿನಲ್ಲಿರಲಿಲ್ಲ.