ಗಡಿಯಾಚೆಯ ಕಜ್ಜಾಯ

ಹಬ್ಬಕ್ಕೂ ಪಥ್ಯಕ್ಕೂ ಆಗಿಬರುವುದಿಲ್ಲ. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದ ನನಗೆ ಪ್ರತಿ ವರ್ಷವೂ, ಗೌರಿ ಹಬ್ಬದಿಂದ ದೀಪಾವಳಿಯವರೆಗೆ, ಇದಕ್ಕೆ ಪುರಾವೆ ಸಿಗುತ್ತಲೇ ಇತ್ತು. ಒಂದು ವರ್ಷದ್ದನ್ನು ಮಾತ್ರ ಹೇಳುತ್ತೇನೆ.

ಬಂಡಳ್ಳಿ ಕಡೆಯ ಯಜಮಾನರೊಬ್ಬರಿಗೆ ಸಕ್ಕರೆ ಕಾಯಿಲೆ. ಮೂತ್ರಕ್ಕೆ ನೀಲಿ ಔಷಧಿ ಬೆರೆಸಿ ಕಾಯಿಸುವುದು ನನ್ನ ಕೆಲಸ. ನೀಲಿಯಾಗಿಯೇ ಉಳಿದರೆ ಕ್ಷೇಮ; ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ ಏರಿದೆ ಎಂದು ಅರ್ಥ. ಅವರದು ತಿರುಗಿತು.

"ಅನ್ನ, ಸಿಹಿ ಬಿಡಿ. ಮುದ್ದೆ, ಸೊಪ್ಪು ತಿನ್ನಿ. ದೀಪಾವಳಿ ಕಳೆದ ಮೇಲೂ ಇದೇ ಬಣ್ಣ ಬಂದರೆ ದಿನಾ ಸೂಜಿ," ಎಂದರು ಡಾಕ್ಟರು.

ಹೋರಿಯ ಕೊಂಬು ಹಿಡಿದು ನಿಲ್ಲಿಸುವ ಯಜಮಾನರು ಅಂಗಿಯ ತೋಳನ್ನು ಮೆಲ್ಲಗೆ ಕೆಳಗೆಳೆದುಕೊಂಡರು.

ಮುಚ್ಚಿದ ಬಾಗಿಲು

ಗೌರಿ ಹಬ್ಬದ ದಿನ ಅವರು ಮುದ್ದೆಗೇ ಕೂತರಂತೆ. ಹೆಂಡತಿಗೆ ದಿಗಿಲು. "ಅಬ್ಬದ್ ದಿನ ನೀವು ಮುದ್ದೆ ಉಣ್ಣೋದ ಯಾರಾರ ಕಂಡ್ರೆ, ಮನೆ ಮುಳುಗೋಯ್ತು ಅಂತಾರೆ ಕಣ್ರಿ," ಎಂದು ಬೀದಿ ಬಾಗಿಲು ಹಾಕಿದರು.

ಹಬ್ಬದ ಹೊತ್ತಿನಲ್ಲಿ ಬಾಗಿಲು ಹಾಕುವ ಮನೆ ಆ ಊರಿನಲ್ಲೇ ಇರಲಿಲ್ಲ. ಮಾರನೆಯ ದಿನ ಪಕ್ಕದ ಮನೆಯಲ್ಲಿದ್ದ ನಾದಿನಿ ಬಂದು, "ಅದೇನತ್ಗೆ, ಬಾಕ್ಲಾಕ್ಕಂಡು ತಿನ್ನೋವಂತದು? ನಾವೇನು ದಿಷ್ಟಿ ಆಕ್ತೀವಾ?" ಎಂದು ಅತ್ತೇಬಿಟ್ಟಳು.

ಬೀದಿಯ ಮುನಿಸು ತಣಿಸಲು ಯಜಮಾನರ ಹೆಂಡತಿ ಮನೆಮನೆಗೂ ಒಬ್ಬಟ್ಟು ಮಾಡಿ ಹಂಚಬೇಕಾಯಿತು. ಹದ ಸರಿಯಾಗಿದೆಯೇ ಎಂದು ಒಲೆಯ ಪಕ್ಕ ಕೂತು ರುಚಿ ನೋಡಿ ಹೇಳಿದವರು ಯಜಮಾನರು.

ನಡಿಗೆ

ಪಥ್ಯ ಮುರಿದದ್ದು ಕೇಳಿ, "ಹಾಗಾದರೆ ದಿನಾ ಬೆಳಿಗ್ಗೆ ಹನೂರಿನ ರಸ್ತೆಯಲ್ಲಿ ನಡೆಯಬೇಕು," ಎಂದರು ಡಾಕ್ಟರು. ದಸರಾ ಮುಗಿದ ಮೇಲೆ ಯಜಮಾನರು ಬಂದರು.

"ನಡಿಗೆ ಆಗ್ತಿದೆಯಾ?"

"ಒಂದಿನಾನೂ ತಪ್ಪಿಲ್ಲ, ಸಾ."

"ಹೊಟ್ಟೆ ಇಳಿದೇ ಇಲ್ಲವಲ್ಲ?"

"ಇಳ್ದದೆ, ಸಾ," ಎಂದು ಯಜಮಾನರು ಕಿಟಕಿಯಾಚೆ ಗಾಡಿಯ ಹತ್ತಿರ ನಿಂತಿದ್ದ ತಮ್ಮ ಹಳೆಯ ಆಳನ್ನು ತೋರಿಸಿದರು. "ಪಾಪ, ಪಂಚೇನೇ ನಿಲ್ತಿಲ್ಲ ಅವ್ನಿಗೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನಡೆದದ್ದು ಅವನಾ?"

"ಉಳೋದು, ಬಿತ್ತೋದು, ಕುಯ್ಯೋದು ಎಲ್ಲ ಅವ್ನೇ ಅಲ್ವಾ, ಸಾ? ಇದೊಂದ ನಾನೇ ಮಾಡುದ್ರೆ ಬೇಜಾರ್ ಮಾಡ್ಕತಾನೆ."

ಎರಡು ಸರ್ಕಾರ

ಆಗಿನ್ನೂ ಕನ್ನಡ ನಾಡು ಒಂದಾಗಿರಲಿಲ್ಲ; ಕೊಳ್ಳೇಗಾಲ ಮದರಾಸಿನದು, ಪಕ್ಕದ ಯಳಂದೂರು ಮೈಸೂರಿನದು. ಇಲ್ಲಿ ಪಾನನಿಷೇಧ, ಕುಡಿದರೆ ಪೊಲೀಸರು ಹಿಡಿಯುತ್ತಿದ್ದರು, ಅಲ್ಲಿ ಕೇಳುವವರಿಲ್ಲ. ಬಾಯಾರಿದವರೆಲ್ಲ ಗಡಿ ದಾಟಿ ಹೋಗುತ್ತಿದ್ದರು.

ದೀಪಾವಳಿಗೆ ಬಂದ ಮಗಳನ್ನು ಯಳಂದೂರಿನ ಗಂಡನ ಮನೆಗೆ ಬಿಟ್ಟು, ಯಜಮಾನರು ಗಾಡಿಯಲ್ಲಿ ನೇರವಾಗಿ ಆಸ್ಪತ್ರೆಗೇ ಬಂದರು. ಮೂತ್ರ ಕೊಟ್ಟು, ನಗುನಗುತ್ತಾ ಬೆಂಚಿನ ಮೇಲೆ ಕೂತರು. ನಾನು ಕಾಯಿಸಿದೆ. ಮಂಗಳೂರು ಹೆಂಚೂ ನಾಚುವಂಥ ಕೆಂಪು.

"ಕಜ್ಜಾಯ ತಿಂದಿರಾ?" ಎಂದರು ಡಾಕ್ಟರು.

"ನಿಮ್ ಸರ್ಕಾರ್ದಲ್ಲಿ ಒಂದೂ ಮುಟ್ಟಿಲ್ಲ, ಸಾ. ದೇವ್ರಾಣೆ."

"ಮತ್ತೆ ಇದು?"

"ಬೀಗ್ರ ಮನೇಲಿ ಬಡುಸುದ್ರು. ಅದು ಮಾರಾಜ್ರ ಸೀಮೆ ಅಲ್ವಾ? ನೀವು ಮದ್ರಾಸ್ ಡಾಕ್ಟ್ರು. ಅಲ್ಲಿ ಕುಡ್ದೋರ್ನೇ ಇಲ್ಲಿ ಪೋಲೀಸ್ನೋರು ಕೇಳಲ್ಲ. ಕಜ್ಜಾಯುಕ್ಕೆ ಸೂಜಿ ಚುಚ್ತೀರಾ?"

ಡಾಕ್ಟರು ನಗಲಿಲ್ಲ. ಕನ್ನಡಕ ಒರೆಸಿಕೊಂಡು, ವಕೀಲರ ಧಾಟಿಯಲ್ಲಿ ಕೇಳಿದರು: "ಸರಿ. ತಿಂದದ್ದು ಯಳಂದೂರಿನಲ್ಲಿ. ಮೂತ್ರ ಹೊಯ್ದದ್ದೆಲ್ಲಿ?"

"ಇಲ್ಲೇ, ಸಾ. ಈಗ್ತಾನೆ, ನಿಮ್ ಕಾಂಪೌಂಡ್ರು ಕೊಟ್ಟ ಸೀಸೆಗೆ."

"ಹಾಗಾದರೆ ಕೇಸು ನಮ್ಮದೇ."

ಯಜಮಾನರಿಗೆ ನ್ಯಾಯ ಒಪ್ಪಿಗೆಯಾಗಿರಬೇಕು; ತಾವೇ ತೋಳು ಮೇಲೇರಿಸಿ, ಕಣ್ಣು ಮುಚ್ಚಿಕೊಂಡು ಕೈ ಚಾಚಿದರು. ನಾನು ಸ್ಪಿರಿಟ್ಟು ಒರೆಸುವಾಗ ನನಗೆ ಮಾತ್ರ ಕೇಳುವಂತೆ ನರಳಿದರು:

"ಗಡಿ ಅತ್ರಾನೇ ಒಂದ್ಕೆ ಬಂದಿತ್ತು ಕಣ್ರಿ. ಆಸ್ಪತ್ರೇಲಿ ಬೇಕಾಯ್ತದೆ ಅಂತ ತಡ್ಕಂಡ್ ಬಂದ್ಬುಟ್ಟೆ."