ನಾಲ್ಕು ಬಾಗಿಲಿನ ಓಣಿ

ರೂಟರಿನಲ್ಲಿ ಒಂದು ಸೊನ್ನೆ ಅಳಿಸಿದ್ದೇ ಎರ್ಗಾಶನ ಗ್ರಹಚಾರಕ್ಕೆ ಮೊದಲಾಯಿತು.

ಬುಖಾರಾದ ಆ ಓಣಿಯ ದಪ್ಪ ಮಣ್ಣಿನ ಗೋಡೆಗಳೊಳಗೆ ಮೊಬೈಲ್ ಸಿಗ್ನಲ್ ನುಸುಳುತ್ತಿರಲಿಲ್ಲ. ಇಂಟರ್ನೆಟ್ಟು ಇದ್ದದ್ದು ಎರ್ಗಾಶನ ಮನೆಯೊಂದರಲ್ಲೇ. ಮನೆಗೆ ಬಂದವರಿಗೆ ರೊಟ್ಟಿ, ಚಹಾ ಕೊಟ್ಟ ಮೇಲೆ ಪಾಸ್‌ವರ್ಡ್ ಕೊಡುವುದಿಲ್ಲ ಎನ್ನಲಾದೀತೇ? ಹೀಗಾಗಿ ಓಣಿಗೆ ಓಣಿಯೇ ಅವನ ರೂಟರಿಗೆ ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಅಂಟಿಕೊಂಡಿತ್ತು.

ಇವತ್ತು ಮಾತ್ರ ಅದು ಆಗದು. ಮಧ್ಯಾಹ್ನ ಮೂರಕ್ಕೆ ಪಾರಿವಾಳಗಳ ಸೌಂದರ್ಯ ಸ್ಪರ್ಧೆ. ತಾಷ್ಕೆಂಟಿನ ತೀರ್ಪುಗಾರರು ವಿಡಿಯೋ ಕರೆಯಲ್ಲಿ ಅವನ ಬಿಳಿ ಪಾರಿವಾಳ ಮಲಿಕಾಳನ್ನು ನೋಡುವವರಿದ್ದರು. ಆರು ವರ್ಷದಿಂದ ಕೈತಪ್ಪುತ್ತಿದ್ದ ಬಹುಮಾನ! ಆ ಹೊತ್ತಿಗೇ ಪಕ್ಕದ ಮನೆಯ ಒಯ್ಶಾ ಖಾಲಾ ಧಾರಾವಾಹಿ ಹಾಕಿದರೆ ಮಲಿಕಾ ಪರದೆಯ ಮೇಲೆ ಕಲ್ಲಾಗಿ ನಿಂತುಬಿಡುತ್ತಾಳೆ.

“ಪಾಸ್‌ವರ್ಡ್ ಬದಲಾಯಿಸಿಬಿಡಿ,” ಎಂದಳು ಹೆಂಡತಿ ಸನೋಬರ್.

“ಐದೇ ನಿಮಿಷಕ್ಕೆ ಬಂದು ಹೊಸದು ಕೇಳ್ತಾರೆ. ಇಲ್ಲ ಅನ್ನೋಕೆ ನನಗೆ ಬಾಯಿ ಬರುತ್ತಾ? ಇಲ್ನೋಡು, ಈ ಸಬ್‌ನೆಟ್ ಮಾಸ್ಕ್ ಅಂದ್ರೆ ಓಣೀಲಿ ಎಷ್ಟು ಬಾಗಿಲು ಅನ್ನೋ ಲೆಕ್ಕ. ಕೊನೇಲಿ ಸೊನ್ನೆ ಇದ್ರೆ ಇನ್ನೂರೈವತ್ತಾರು ಬಾಗಿಲು. ಇನ್ನೂರೈವತ್ತೆರಡು ಅಂತ ಬರೆದ್ರೆ ನಾಲ್ಕೇ! ಮೊದಲನೇದು ಓಣಿ ಹೆಸರಿಗೆ, ಕೊನೇದು ಡಂಗುರ ಸಾರೋನಿಗೆ, ಒಂದು ರೂಟರಿಗೆ. ಉಳಿಯೋದು ಒಂದೇ ವಿಳಾಸ. ಅದು ನಂದು!”

“ನಿಮ್ದೇ ಅಂತ ರೂಟರಿಗೆ ಹೇಳಿದೀರಾ?”

“ನೀನು ಚಹಾಕ್ಕಿಡು.”

ಎರ್ಗಾಶ್ ಸೊನ್ನೆ ಅಳಿಸಿ ಇನ್ನೂರೈವತ್ತೆರಡು ಬರೆದ. ರೂಟರ್ ಆರಿ ಮತ್ತೆ ಹೊತ್ತಿಕೊಂಡಿತು. ಎರ್ಗಾಶನ ಫೋನಿನಲ್ಲಿ ಚಕ್ರ ಗರಗರ ತಿರುಗಿ ‘ವಿಳಾಸ ಸಿಗುತ್ತಿಲ್ಲ’ ಎಂದಿತು. ಇದ್ದೊಂದು ಬಾಗಿಲಿಗೆ ಇನ್ಯಾರೋ ನುಗ್ಗಿಬಿಟ್ಟಿದ್ದರು! ಮಾಸ್ಕನ್ನು ಮೊದಲಿನಂತೆ ಮಾಡೋಣವೆಂದರೆ ಅದಕ್ಕೂ ಆ ಬಾಗಿಲಿನಿಂದಲೇ ಒಳಹೋಗಬೇಕು.

ಎರಡೂವರೆ. ಮಲಿಕಾಳನ್ನು ನಿಲುವಂಗಿಯೊಳಗೆ ಸಿಕ್ಕಿಸಿಕೊಂಡು ಕಳ್ಳನನ್ನು ಹಿಡಿಯಲು ಓಡಿದ.

“ಖಾಲಾ, ನಿಮ್ಮ ಫೋನು—”

“ಸತ್ತು ಬಿದ್ದಿದೆ ಕಣೋ! ಧಾರಾವಾಹೀಲಿ ಆ ಹುಡುಗಿ ಬಾವಿಗೆ ಹಾರೋಕೆ ಒಂದು ಕಾಲೆತ್ತಿದಾಳೆ, ಹಾಗೇ ನಿಂತಿದಾಳೆ ಪಾಪ. ಕೂತ್ಕೋ, ಚಹಾ ಕುಡಿ.”

ಚಹಾ ಬೇಡವೆಂದರೆ ಖಾಲಾ ಈದ್‌ವರೆಗೂ ಮಾತುಬಿಡುವವಳು. ಎರಡು ಬಟ್ಟಲು ಸುಡುಸುಡು ಗುಟುಕರಿಸಿ ಎದುರುಮನೆಯ ಹಮ್ರೋನಲ್ಲಿಗೆ ಹಾರಿದ. ಎರ್ಗಾಶನನ್ನು ಅಕಾ, ಅಂದರೆ ಅಣ್ಣ, ಎಂದು ಕರೆಯುವ ಹಮ್ರೋಗೂ ಪಾರಿವಾಳದ ಹುಚ್ಚು.

“ನಂದೂ ಸತ್ತಿದೆ ಎರ್ಗಾಶ್ ಅಕಾ. ಅದಿರ್ಲಿ, ನನ್ನ ಬೂದು ಹಕ್ಕಿ ಬೆಳಗ್ಗೆಯಿಂದ ಕಾಣ್ತಿಲ್ಲ. ನಿಮ್ಮ ಗೂಡಿಗೇನಾದ್ರೂ ಬಂತಾ?”

“ಆ ಹಳೇ ಪೊರಕೇನಾ? ಅದನ್ನ ಹುಡುಕೋಕೆ ನನಗೆ ಪುರುಸೊತ್ತಿದೆಯೇನಯ್ಯಾ!”

“ಸಿಟ್ಯಾಕೆ ಅಕಾ? ಹಲ್ವಾ ತಿನ್ನಿ.”

ಹಲ್ವಾ ಹಲ್ಲಿಗಂಟಿತು. ಮಲಿಕಾ ಬಗಲಲ್ಲಿ ಅವನ ಬೆವರಿಗೆ ನೆನೆದಳು. ಗಡಿಯಾರ ಮೂರು ಹೊಡೆಯಿತು.

ಅವನು ಮನೆಗೆ ಓಡಿಬಂದರೆ ಸನೋಬರ್ ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದಳು. “ಏನೂಂದ್ರೆ, ಪಾರಿವಾಳದ ಗೂಡಲ್ಲಿ ಯಾರೋ ಮಾತಾಡ್ತಿದಾರೆ!”

ಎರ್ಗಾಶನಿಗೆ ಥಟ್ಟನೆ ನೆನಪಾಯಿತು. ಬೆಕ್ಕಿನ ಕಾವಲಿಗೆಂದು ತನ್ನ ಹಳೇ ಫೋನನ್ನು ತಾನೇ ಗೂಡಿನಲ್ಲಿ ನೇತುಹಾಕಿದ್ದ. ಅದರಲ್ಲೂ ಅವನದೇ ಖಾತೆ. ಕರೆ ಬಂದರೆ ತಾನಾಗಿ ಎತ್ತಿಕೊಳ್ಳುವ ಏರ್ಪಾಡು ಬೇರೆ. ಆ ಒಂದೇ ವಿಳಾಸದ ಮೇಲೆ ಕಾವಿಗೆ ಕೂತ ಕೋಳಿಯಂತೆ ಕೂತಿದ್ದದ್ದು ಅದೇ!

ಏಣಿ ಹತ್ತಿ ನೋಡಿದ. ಪರದೆಯ ತುಂಬ ಮೂವರು ತೀರ್ಪುಗಾರರು. ಅವರೆದುರು ಹಮ್ರೋನ ಬೂದು ಹಕ್ಕಿ, ಎರ್ಗಾಶನ ಗೋಧಿ ತಿಂದುಬ್ಬಿದ ಕೊರಳನ್ನು ಕೊಂಕಿಸಿ, ಮದುವಣಗಿತ್ತಿಯಂತೆ ಮತ್ತೆ ಮತ್ತೆ ಬಾಗಿ ವಂದಿಸುತ್ತಿತ್ತು.

“ಎಂಥಾ ಕತ್ತು! ಎಂಥಾ ವಿನಯ!” ಎಂದರು ಹಿರಿಯ ತೀರ್ಪುಗಾರರು. “ಕಾಲುಂಗುರದ ಮೇಲೆ ಹಮ್ರೋ ಅಂತಿದೆ. ಬರ್ಕೊಳ್ರಪ್ಪಾ, ಮೊದಲ ಬಹುಮಾನ ಹಮ್ರೋಗೆ.”

“ಸ್ವಾಮೀ, ನಾನು ಎರ್ಗಾಶ್! ಇಗೋ, ನನ್ನ ಮಲಿಕಾ!” ಎಂದು ಎರ್ಗಾಶ್ ಒದ್ದೆ ಟವೆಲಿನಂತೆ ಮುದುಡಿದ್ದ ಹಕ್ಕಿಯನ್ನು ಎತ್ತಿಹಿಡಿದ.

“ಅಕಾ, ಆ ಕೋಳೀನ ಸ್ವಲ್ಪ ಆಚೆ ಹಿಡೀರಿ. ಗೆದ್ದ ಹಕ್ಕಿ ಕಾಣ್ತಿಲ್ಲ.”

ಸನೋಬರ್ ಸುದ್ದಿ ಮುಟ್ಟಿಸಿದ್ದೇ ತಡ, ಅರ್ಧ ಗಂಟೆಯಲ್ಲಿ ಓಣಿಯೆಲ್ಲ ಬಾಗಿಲಲ್ಲಿತ್ತು. ಎದುರಿಗೆ ಬಿಸಿ ರೊಟ್ಟಿ ಹಿಡಿದ ಹಮ್ರೋ.

“ಐದಕ್ಕೆ ನನ್ನ ಬಹುಮಾನ ನೇರ ತೋರಿಸ್ತಾರಂತೆ ಅಕಾ. ನಿಮ್ಮ ಇಂಟರ್ನೆಟ್ಟೇ ಗತಿ.”

“ಮೂವತ್ತು ಫೋನಿವೆ ಕಣೋ,” ಎಂದಳು ಒಯ್ಶಾ ಖಾಲಾ. “ಸಾಲುತ್ತಾ?”

ಎರ್ಗಾಶ್ ರೊಟ್ಟಿ ಮುರಿದು ಎಲ್ಲರಿಗೂ ಕೊಟ್ಟ. ಮಾಳಿಗೆ ಹತ್ತಿ ಹಳೇ ಫೋನು ಆರಿಸಿದ. ಆಮೇಲೆ, ಖಾಲಿಯಾದ ಆ ಬಾಗಿಲಿನಿಂದ ತಾನೇ ಒಳಹೊಕ್ಕು, ಮಾಸ್ಕಿನ ಕೊನೆಯಲ್ಲಿ ಮತ್ತೆ ಸೊನ್ನೆ ಬರೆದ.